ಒಂಬತ್ತು ಮಂದಿ ದ್ಯಾಮವ್ವ

ಮಲಪ್ರಭೆಯ ದಂಡೆಯ ಮಠವೊಂದರಲ್ಲಿ ನದಿಗಿಳಿಯಲು ಕಲ್ಲಿನ ಮೆಟ್ಟಿಲು ಕಟ್ಟುತ್ತಿದ್ದರು. ಭಕ್ತರು ಬಿಡುವಾದಾಗ ಬಂದು ಕಲ್ಲು ಹೊರುತ್ತಿದ್ದರು. ಎಲ್ಲರಿಗಿಂತ ಹೆಚ್ಚು ದಿನ ದುಡಿದವರ ಕೈಯಿಂದಲೇ ಕೊನೆಯ ಕಲ್ಲು ಇಡಿಸುವುದು ಆ ಮಠದ ಪದ್ಧತಿ.

ಶಿಷ್ಯ ಗವಿಸಿದ್ದ ನಲವತ್ತೆರಡು ದಿನ ದುಡಿದಿದ್ದ. ದುಡಿಯಲು ಬಂದವರ ಹೆಸರನ್ನು ದಿನಾ ಬರೆದಿಡುತ್ತಿದ್ದ ಕಂಪ್ಯೂಟರಿನ ಪಟ್ಟಿಯಲ್ಲಿ ಅವನ ಹತ್ತಿರಕ್ಕೂ ಯಾರೂ ಸುಳಿದಿರಲಿಲ್ಲ. ಆ ಕೊನೆಯ ಕಲ್ಲಿನ ಮೇಲೆ ಅವನಿಗೆ ಬಲು ಆಸೆ.

ಕಲ್ಲಿಡುವ ಮುನ್ನಾದಿನ ಗುರುಗಳು ಅವನನ್ನು ಕರೆದರು. ಅವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

"ಪಟ್ಟಿ ಹಸನ ಮಾಡಿ ತಾ."

"ಹಸನನ ಐತ್ರಿ ಅಜ್ಜಾರ."

"ಅಕ್ಕಿ ಹಸನ ಐತಿ ಅಂತ ಆರಿಸದ ಒಲಿ ಮ್ಯಾಲ ಇಡ್ತಾರೇನು?"

ಗವಿಸಿದ್ದ ಗೊಣಗಿಕೊಂಡೇ ಕುಳಿತ. ದಿನಕ್ಕೊಬ್ಬರು ತಮಗೆ ತೋಚಿದಂತೆ ಹೆಸರು ಬರೆದಿದ್ದರು. ಒಂದು ಕಡೆ ದ್ಯಾಮವ್ವ ಅಂಬಿಗೇರ, ಇನ್ನೊಂದು ಕಡೆ ಅಂಬಿಗೇರ ದ್ಯಾಮವ್ವ, ಮತ್ತೊಂದು ಕಡೆ ಬರೀ ಅ. ದ್ಯಾಮವ್ವ. ಹೆಸರಿನ ಮುಂದೆ ಒಂದು ಖಾಲಿ ಜಾಗ ಬಿದ್ದರೂ ಸಾಕು, ಕಂಪ್ಯೂಟರಿಗೆ ಅದು ಬೇರೆ ಮನುಷ್ಯ. ಊರು, ಓಣಿ ನೋಡಿದರೆ ಎಲ್ಲರೂ ಒಬ್ಬಳೇ, ದೋಣಿಕಟ್ಟೆಯ ಮುದುಕಿ.

ಖಾಲಿ ಜಾಗ ತೆಗೆದ. ಮೊದಲು ಹೆಸರು, ಆಮೇಲೆ ಮನೆತನ, ಎಲ್ಲವನ್ನೂ ಒಂದೇ ರೀತಿಗೆ ತಂದ. ಒಂಬತ್ತು ಮಂದಿ ದ್ಯಾಮವ್ವ ಬಂದು ಒಬ್ಬಳಲ್ಲಿ ಸೇರಿದರು. ನೂರಾ ಹತ್ತೊಂಬತ್ತು ದಿನ.

ಗವಿಸಿದ್ದನಿಗೆ ಈಗ ನೆನಪಾಯಿತು. ತಾನು ಹೋದಾಗಲೆಲ್ಲ ಆಕೆ ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಅಲ್ಲೇ ಇದ್ದಳು. ಒಂದು ದಿನವೂ ಅವನು ಮಾತಾಡಿಸಿರಲಿಲ್ಲ.

ಹಳೆಯ ಪಟ್ಟಿಯನ್ನೇ ಕೊಟ್ಟರೆ ಕೇಳುವವರಿಲ್ಲ, ಕಲ್ಲು ತನ್ನದೇ. ಆಸೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅವನು ಬಹಳ ಹೊತ್ತು ಆ ಸಂಖ್ಯೆಯನ್ನೇ ನೋಡುತ್ತ ಕುಳಿತ.

ಬೆಳಿಗ್ಗೆ ಹೊಸ ಪಟ್ಟಿಯನ್ನು ಅಜ್ಜಾರ ಮುಂದಿಟ್ಟ. "ಕಲ್ಲು ದ್ಯಾಮವ್ವನ ಇಡಬೇಕ್ರಿ," ಎಂದ.

ಆಕೆ ಕಲ್ಲಿಟ್ಟು ಕೈಮುಗಿದಳು. ಆಮೇಲೆ ಎಂದಿನಂತೆ ಬುಟ್ಟಿ ಎತ್ತಿಕೊಂಡು ಉಳಿದ ಮರಳು ಬಳಿಯಲು ಹೋದಳು. ಗವಿಸಿದ್ದ ಗುರುಗಳ ಕಡೆ ತಿರುಗಿದ.

"ಅಜ್ಜಾರ, ನಿಮಗ ಮೊದಲ ಗೊತ್ತಿತ್ತೇನ್ರಿ?"

"ನನ್ನ ಕಿಟಕಿ ಮುಂದನ ಹಾದು ಹೋಗತಿದ್ಲಲ್ಲೋ."

"ಹಂಗಾದ್ರ ಪಟ್ಟಿ ನನಗ್ಯಾಕ ಕೊಟ್ರಿ?"

ಅಜ್ಜಾರು ಮರಳು ಬಳಿಯುತ್ತಿದ್ದ ಮುದುಕಿಯ ಕಡೆ ನೋಡಿದರು.

"ಆಕಿನ್ನ ನಾ ದಿನಾ ನೋಡತಿದ್ದೆ, ತಮ್ಮಾ. ನೀನೂ ಒಮ್ಮೆ ನೋಡ್ಲಿ ಅಂತ."