ಬೆಟ್ಟಸ್ವಾಮಿ ಜಪಾನ್ ಕೋಳಿಯ ರುಚಿ ನೋಡಿದ್ದು

ಬಿಡದಿಯ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಬೆಟ್ಟಸ್ವಾಮಿ. ಮೂವತ್ತು ತುಂಬಿತ್ತು, ಬಾಗಿಲಿಗೆ ತಲೆ ತಗಲುವಷ್ಟು ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿನ ಹತ್ತಿರವೇ ನಿಂತುಬಿಟ್ಟಿತ್ತು. ಒಳ್ಳೆಯವನು. ಅವ್ವ ಹೇಳಿದ ಮಾತನ್ನು ಒಂದು ದಿನವೂ ಮೀರಿದವನಲ್ಲ. ಅವಳ ಕಷ್ಟವೇ ಅದು. ಬಾಗಿಲು ನೋಡ್ಕೋ ಅಂತ ಹೇಳಿ ಹೋದರೆ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದ. ಹಿತ್ತಲ ಕಡೆಯಿಂದ ನಾಯಿ ಬಂದು ಅನ್ನ ತಿಂದು ಹೋಗಿರುತ್ತಿತ್ತು. ಇವನಿಗೆ ಹೇಳದೆ ಇರುವ ಹಾಗೂ ಇಲ್ಲ, ಹೇಳುವ ಹಾಗೂ ಇಲ್ಲ ಅಂತ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆ ವರ್ಷ ಚಿಕ್ಕತಾಯಮ್ಮನಿಗೆ ಚಿಕೂನ್‌ಗುನ್ಯಾ ಬಂತು. ಜ್ವರ ಬಿಟ್ಟಿತು, ಕೀಲುನೋವು ಬಿಡಲಿಲ್ಲ. ಹತ್ತು ಹೆಜ್ಜೆ ನಡೆದರೆ ಕೂತುಬಿಡಬೇಕು. ಅದೂ ಸಾಲದು ಅಂತ ನಾಲಿಗೆ ಕೆಟ್ಟುಹೋಯಿತು. ಮುದ್ದೆ ಕಹಿ, ಗಂಜಿ ಕಹಿ, ಕುಡಿಯುವ ನೀರೂ ಕಹಿ. ಮೂರು ವಾರದಲ್ಲಿ ಕೈಬಳೆ ಮೊಣಕೈತನಕ ಜಾರತೊಡಗಿತು. ಬೆಟ್ಟಸ್ವಾಮಿ ತಟ್ಟೆ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದ. ಅವಳು ಬೇಡ ಅಂತ ತಳ್ಳಿದರೆ ಅವನೂ ಉಣ್ಣದೆ ಎದ್ದುಬಿಡುತ್ತಿದ್ದ.

ಅಷ್ಟರಲ್ಲಿ ಹೆದ್ದಾರಿ ಬದಿಗೆ ಜಪಾನ್ ಕೋಳಿ ಅಂಗಡಿ ಅಂತ ಹೊಸದೊಂದು ತೆರೆಯಿತು. ಮರಿಸ್ವಾಮಿ ಅನ್ನುವವನು ಕಾರು ಫ್ಯಾಕ್ಟರಿಯ ಜಪಾನಿ ಸಾಹೇಬರ ಗೆಸ್ಟ್‌ಹೌಸಿನಲ್ಲಿ ಹದಿನೈದು ವರ್ಷ ಅಡುಗೆ ಮಾಡಿ, ಅವರಿಂದಲೇ ಕಲಿತು, ಈಗ ತನ್ನದೇ ಅಂಗಡಿ ಇಟ್ಟಿದ್ದ. ಕೋಳಿ ತುಂಡನ್ನು ಶುಂಠಿ, ಬೆಳ್ಳುಳ್ಳಿ, ಸೋಯಾ ಸಾಸಿನಲ್ಲಿ ನೆನೆಸಿ, ಹಿಟ್ಟಿನಲ್ಲಿ ಹೊರಳಿಸಿ, ಎರಡೆರಡು ಸಲ ಎಣ್ಣೆಗೆ ಬಿಡುತ್ತಾನಂತೆ. ಅದಕ್ಕೆ ಕರಾಗೆ ಅಂತ ಹೆಸರಂತೆ. ಡಾಕ್ಟರ ಹತ್ತಿರ ಹೋಗಿ ಆಟೋದಲ್ಲಿ ಬರುವಾಗ ಆ ಘಮ ಚಿಕ್ಕತಾಯಮ್ಮನ ಮೂಗಿಗೆ ಬಡಿಯಿತು. ಜ್ವರ ಬಂದ ಮೇಲೆ ಮೊದಲನೇ ಸಲ ಏನನ್ನಾದರೂ ತಿನ್ನಬೇಕು ಅನಿಸಿತು. ಆದರೆ ಅಂಜಿಕೆ. ಯಾವ ದೇಶದ ಅಡುಗೆಯೋ, ಖಾರ ಎಷ್ಟೋ, ಹೊಟ್ಟೆಗೆ ಒಗ್ಗುತ್ತದೋ ಇಲ್ಲವೋ.

ಮಗನನ್ನು ಕರೆದಳು. "ನೀನು ಹೋಗಿ ರುಚಿ ನೋಡ್ಕೊಂಡು ಬಾ. ಚೆನ್ನಾಗಿದ್ರೆ ತರಿಸ್ಕೊಳ್ಳಣ" ಅಂದಳು.

ಬೆಟ್ಟಸ್ವಾಮಿ ತಲೆ ಬಾಚಿಕೊಂಡು ಹೊರಟ. ಒಳಗೆ ಕಾಲಿಟ್ಟದ್ದೇ ಮರಿಸ್ವಾಮಿ ಜಪಾನಿನವರ ಹಾಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ. ಬೆಟ್ಟಸ್ವಾಮಿಯೂ ಬಗ್ಗಿ, ಮೇಜಿನ ಕೆಳಗೆಲ್ಲ ಹುಡುಕಿ, ಏನು ಬಿತ್ತಣ್ಣ ಅಂತ ಕೇಳಿದ. ಏನೂ ಬಿದ್ದಿಲ್ಲ ಅಂತ ಅವನನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ಮರಿಸ್ವಾಮಿಗೆ ಸಾಕಾಯಿತು. ತಟ್ಟೆ ಬಂತು. ಬೆಟ್ಟಸ್ವಾಮಿ ಕೈಕಟ್ಟಿ ಕೂತು ನೋಡಿದ. ಎಡಗಡೆಯಿಂದ ನೋಡಿದ, ಬಲಗಡೆಯಿಂದ ನೋಡಿದ, ತಟ್ಟೆ ತಿರುಗಿಸಿ ನೋಡಿದ. ಅದು ತಣ್ಣಗಾಗುವತನಕ ನೋಡಿ ಎದ್ದು ಬಂದ.

"ಹೆಂಗಿತ್ಲಾ?" ಅಂದಳು ಅವ್ವ.

"ಕಂದು ಬಣ್ಣ ಕಣವ್ವ. ಆರು ತುಂಡು. ಪಕ್ಕದಲ್ಲಿ ನಿಂಬೆ ಹೋಳು."

"ರುಚಿ?"

"ಅದೆಲ್ಲೂ ಕಾಣಲಿಲ್ಲ."

ಚಿಕ್ಕತಾಯಮ್ಮ ಗೋಡೆಗೆ ಒರಗಿ ಕೂತಳು. ರುಚಿ ನೋಡೋದು ಕಣ್ಣಲ್ಲಲ್ಲ ಕಣಪ್ಪ, ಮುಂದೆ ತಂದಿಟ್ಟಿದ್ದನ್ನ ಎತ್ತಿ ಬಾಯಿಗೆ ಹಾಕ್ಕೊಂಡು ಅಗೀಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದಳು. ಅಷ್ಟೇನಾ ಅಂದ ಬೆಟ್ಟಸ್ವಾಮಿ.

ಮಾರನೆಯ ದಿನ ಮರಿಸ್ವಾಮಿ ಗಿರಾಕಿಗಳಿಗೆ ಹೊಸ ಉಪಚಾರ ಶುರುಮಾಡಿದ್ದ. ಕೂತ ಕೂಡಲೇ ಕೈ ಒರೆಸಿಕೊಳ್ಳಲು ಪುಟ್ಟದೊಂದು ಬಿಳಿ ಬಟ್ಟೆ, ನೀರಲ್ಲಿ ಅದ್ದಿ, ಸುರುಳಿ ಸುತ್ತಿ, ಆವಿಯಲ್ಲಿ ಬಿಸಿ ಮಾಡಿ ಇಡುತ್ತಿದ್ದ. ನೋಡಿದರೆ ಥೇಟ್ ಕಡುಬು. ಬೆಟ್ಟಸ್ವಾಮಿ ಎತ್ತಿ ಬಾಯಿಗೆ ಹಾಕಿಕೊಂಡ. ಅಗಿದ. ಹರಿಯಲಿಲ್ಲ. ಆ ಕಡೆ ದವಡೆಗೆ ಹಾಕಿ ಅಗಿದ, ಈ ಕಡೆ ದವಡೆಗೆ ಹಾಕಿ ಅಗಿದ. ಕಣ್ಣಲ್ಲಿ ನೀರು ಬಂತು. ಅವ್ವನ ಸಣಕಲು ಕೈ ನೆನೆದು ಇನ್ನೂ ಜೋರಾಗಿ ಅಗಿದ. ಮರಿಸ್ವಾಮಿ ಓಡಿಬಂದು, ಬಾಯಿಯಿಂದ ಇಳಿಬಿದ್ದಿದ್ದ ಅಂಚು ಹಿಡಿದು ಎಳೆದುಕೊಂಡ.

ರುಚಿ ನೋಡಿದ್ದಾಯಿತು ಅಂತ ಬೆಟ್ಟಸ್ವಾಮಿ ದವಡೆ ಸವರಿಕೊಳ್ಳುತ್ತ ಮನೆಗೆ ಬಂದು, "ನಾರು ನಾರು ಕಣವ್ವ. ಉಪ್ಪಿಲ್ಲ, ಹುಳಿಯಿಲ್ಲ. ನಿನ್ನ ಹಲ್ಲಿಗೆ ಆಗಕಿಲ್ಲ" ಅಂದ.

ಬಣ್ಣ ಯಾವುದಿತ್ತು ಅಂತ ಕೇಳಿದಳು. ಬಿಳಿ ಅಂದ. ಅಂಚಿಗೆ ಹೊಲಿಗೆ ಇತ್ತೇನೋ ಅಂತ ಕೇಳಿದಳು. ಇತ್ತು ಅಂದ. ನಗಬೇಕೋ ಅಳಬೇಕೋ ಗೊತ್ತಾಗದೆ ಚಿಕ್ಕತಾಯಮ್ಮ ಸ್ವಲ್ಪ ಹೊತ್ತು ಕೌದಿ ಮುಸುಕು ಹಾಕಿಕೊಂಡಳು. ಆಮೇಲೆ ಮುಸುಕು ತೆಗೆದು, ಮೊದಲು ತಂದಿಡೋದು ತಿನ್ನಕ್ಕಲ್ಲ, ಅದರಲ್ಲಿ ಚೆನ್ನಾಗಿ ಕೈ ಒರೆಸ್ಕೋಬೇಕು ಅಂತ ಬುದ್ಧಿ ಹೇಳಿದಳು.

ಮೂರನೆಯ ದಿನ ಬೆಟ್ಟಸ್ವಾಮಿ ಬಂದದ್ದು ಕಂಡು ಮರಿಸ್ವಾಮಿ ಬಟ್ಟೆಗಳನ್ನೆಲ್ಲ ಬಚ್ಚಿಟ್ಟ. ಇವನಿಗೆ ನೇರವಾಗಿ ಕೋಳಿಯನ್ನೇ ಕೊಟ್ಟುಬಿಡೋಣ ಅಂತ ಬಿಸಿ ಬಿಸಿ ಆರು ತುಂಡು ತಂದಿಟ್ಟ. ಮೊದಲು ಬಂದದ್ದು ಅದೇ ಆಯಿತಲ್ಲ. ಬೆಟ್ಟಸ್ವಾಮಿ ಒಂದು ತುಂಡು ತೆಗೆದು ಅಂಗೈ ಉಜ್ಜಿದ, ಇನ್ನೊಂದು ತೆಗೆದು ಬೆರಳ ಸಂದಿ ಉಜ್ಜಿದ. ಅವ್ವ ಚೆನ್ನಾಗಿ ಅಂದಿದ್ದರಿಂದ ಮೊಣಕೈತನಕ ಉಜ್ಜಿದ. ಪಕ್ಕದ ಮೇಜಿನವರು ತಿನ್ನುವುದನ್ನು ನಿಲ್ಲಿಸಿ ಇವನನ್ನೇ ನೋಡುತ್ತಿದ್ದರು. ಉಜ್ಜಿದ್ದನ್ನೆಲ್ಲ ತಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿಟ್ಟು, ಮುಂದಿನದು ಬರುತ್ತದೆ ಅಂತ ಕಾದ. ಏನೂ ಬರಲಿಲ್ಲ. ಎದ್ದು ಬಂದ.

ನಡೆದದ್ದನ್ನು ಕೇಳಿ ಚಿಕ್ಕತಾಯಮ್ಮ ಬೈಯೋಣ ಅಂತ ಬಾಯಿ ತೆರೆದಳು. ಅಷ್ಟರಲ್ಲಿ ಅವನ ಕೈಯಿಂದ ಶುಂಠಿ ಬೆಳ್ಳುಳ್ಳಿಯ ಘಮ ಬಂದು ಮುಖಕ್ಕೆ ಬಡಿಯಿತು. ಅವಳ ಬಾಯಲ್ಲಿ ನೀರೂರಿತು. ಮಗನ ಕೈ ಎಳೆದು ಮೂಸಿದಳು, ಮತ್ತೊಂದು ಸಲ ಮೂಸಿದಳು. ಹೊಟ್ಟೆ ಗುರ್ ಅಂದಿತು. ಖಾರವೋ ಸಪ್ಪೆಯೋ, ಇನ್ನು ಕಾಯುವುದಕ್ಕೆ ಆಗುವುದಿಲ್ಲ ಅನಿಸಿತು.

"ನೋಡ್ಬೇಡ, ಅಗೀಬೇಡ, ಒರೆಸ್ಬೇಡ. ನಿನ್ನ ಕೈಯಲ್ಲಿ ಇನ್ನೇನೂ ಮಾಡಕ್ಕೆ ಹೋಗ್ಬೇಡ ಕಣಪ್ಪ. ಸುಮ್ನೆ ಕಟ್ಟಿಸ್ಕೊಂಡು ಬಾ" ಅಂದಳು. ಅದನ್ನು ಕೇಳಿ ಬೆಟ್ಟಸ್ವಾಮಿ, ಈ ಸಲ ತಪ್ಪಬಾರದು ಅಂತ ಓಡಿಯೇ ಹೋದ.

ಮರಿಸ್ವಾಮಿಯ ಮುಂದೆ ಎರಡೂ ಕೈ ಚಾಚಿ ನಿಂತು, ಕಟ್ಟಣ್ಣ ಅಂದ. ಎಷ್ಟು ಕಟ್ಟಲಿ ಅಂತ ಮರಿಸ್ವಾಮಿ ಕೇಳಿದರೆ, ಬಿಚ್ಚದಷ್ಟು ಅಂದ. ಏನನ್ನು ಕಟ್ಟಬೇಕು ಅಂತ ಕೇಳಿದರೆ, ನನ್ನನ್ನೇ ಅಂದ. ಕೈಯಲ್ಲಿ ಏನೂ ಮಾಡದೆ ಕಟ್ಟಿಸ್ಕೊಂಡು ಬಾ ಅಂತ ಅವ್ವ ಹೇಳಿದಾಳೆ ಅಂತ ಗೋಗರೆದ. ಮರಿಸ್ವಾಮಿ ಯೋಚಿಸಿದ. ಬಟ್ಟೆ ಅಗಿದವನು, ಕೋಳಿಯಲ್ಲಿ ಕೈ ಉಜ್ಜಿದವನು. ಹೆತ್ತವಳೇ ಹೇಳಿ ಕಳಿಸಿದ್ದಾಳೆ ಅಂದರೆ ಏನೋ ಕಾರಣ ಇರಬೇಕು. ಪಾರ್ಸೆಲ್ ಕಟ್ಟುವ ದಾರ ತಂದು ನೋಯದ ಹಾಗೆ ಎರಡೂ ಕೈ ಸೇರಿಸಿ ಕಟ್ಟಿದ. ಈ ಸ್ಥಿತಿಯಲ್ಲಿ ಒಬ್ಬನನ್ನೇ ರಸ್ತೆ ದಾಟಿಸುವುದು ಹೇಗೆ ಅಂತ ತಾನೂ ಜೊತೆಗೆ ಹೊರಟ.

ತಟ್ಟೆ ತೊಳೆದಿಟ್ಟುಕೊಂಡು ಕಾಯುತ್ತಿದ್ದ ಚಿಕ್ಕತಾಯಮ್ಮ, ಕೈಕಟ್ಟಿಸಿಕೊಂಡು ಬಂದ ಮಗನನ್ನೂ ಹಿಂದೆ ನಿಂತ ಮೀಸೆಯವನನ್ನೂ ನೋಡಿದಳು. ಕಳ್ಳತನ ಮಾಡಿದನೇ ಅಂತ ಹೆದರಿ ವಿಚಾರಿಸಿದಳು. ವಿಷಯ ತಿಳಿದ ಮೇಲೆ ಜ್ವರದಿಂದ ಹಿಡಿದು ಎಲ್ಲವನ್ನೂ ಹೇಳಿಕೊಂಡು ಅತ್ತಳು. ಗಂಟು ಬಿಚ್ಚಲು ಹೋದರೆ ಊದಿದ ಬೆರಳು ಬಗ್ಗಲಿಲ್ಲ. ಮರಿಸ್ವಾಮಿಯೇ ಬಿಚ್ಚಿದ. ಹತ್ತು ನಿಮಿಷ ಕೊಡಿ ತಾಯಿ ಅಂತ ಹೇಳಿ ಹೋದವನು, ಖಾರ ಕಡಿಮೆ ಮಾಡಿ ಕರಿದು, ಸ್ಟೀಲ್ ಡಬ್ಬಿ ತುಂಬ ತಂದು ಅವಳ ಮುಂದಿಟ್ಟ.

ಚಿಕ್ಕತಾಯಮ್ಮ ಒಂದು ತುಂಡು ಮುರಿದು ಬಾಯಿಗಿಟ್ಟಳು. ಮೇಲೆ ಗರಿಗರಿ, ಒಳಗೆ ಬೆಣ್ಣೆಯಂಥ ಮೆದು. ಕಹಿ ಇರಲಿಲ್ಲ. ಎರಡನೆಯದು ತಿಂದಳು, ಮೂರನೆಯದು ತಿಂದಳು. ಬೆಟ್ಟಸ್ವಾಮಿ ಅವಳ ದವಡೆ ಆಡುವುದನ್ನೇ ನೋಡುತ್ತ ನಗುತ್ತಿದ್ದ. ನಾಲ್ಕು ತುಂಡು ಮುಗಿದ ಮೇಲೆ ಅವಳು ನೀರು ಕುಡಿದು, ಕಣ್ಣೊರೆಸಿಕೊಂಡು ಹೇಳಿದಳು:

"ಹೋದ ಜೀವ ಬಂತಪ್ಪ. ಏನು ಕೈರುಚಿ ಈ ಯಜಮಾನರದು! ಬಾರ್ಲಾ ಬೆಟ್ಟ, ನೀನೂ ಒಂದು ಸಲ ತಿನ್ನು."

ಬೆಟ್ಟಸ್ವಾಮಿ ಎದ್ದ. ಭಕ್ತಿಯಿಂದ ಮರಿಸ್ವಾಮಿಯ ಬಲಗೈ ಹಿಡಿದುಕೊಂಡ. ಹೆಬ್ಬೆರಳನ್ನು ಬಾಯಿಗಿಟ್ಟು ಚೆನ್ನಾಗಿ ಕಚ್ಚಿದ. ಮರಿಸ್ವಾಮಿ ಕಿರುಚಿದ್ದು ಹೆದ್ದಾರಿಗೆ ಕೇಳಿಸಿತು.

ಬೆಟ್ಟಸ್ವಾಮಿ ಬಾಯಿ ಚಪ್ಪರಿಸಿ, ಸ್ವಲ್ಪ ಯೋಚಿಸಿ, ಅವ್ವನ ಕಡೆ ತಿರುಗಿದ.

"ಉಪ್ಪು ಒಂಚೂರು ಜಾಸ್ತಿ ಕಣವ್ವ" ಅಂದ.