ಗೂಳಿಗಪ್ಪೆಯ ಅರಿಶಿನ ತೊಳೆದು ಹೋದದ್ದು

ಲೋಕಕ್ಕೆ ಇನ್ನೂ ಹೊಸ ಮಡಕೆಯ ವಾಸನೆ ಇದ್ದ ಕಾಲ. ಆಗ ಹಕ್ಕಿಗೂ ಕೆಸರಿನ ಬಣ್ಣ, ಕಪ್ಪೆಗೂ ಕೆಸರಿನ ಬಣ್ಣ.

ಗೂಳಿಗಪ್ಪೆ ಡೊಳ್ಳಣ್ಣನಿಗೆ ಮದುವೆಯ ಹುಚ್ಚು. ಮಳೆನೀರು ನಿಂತ ಗದ್ದೆಯಲ್ಲಿ ಕೂತು ವಟರ್ ವಟರ್ ಅಂತ ಗಂಟಲು ಹರಿದುಕೊಂಡ. ಹೆಣ್ಣುಗಪ್ಪೆ ಸಣ್ಣಿ ಬಂದಳು. ಅತ್ತ ನೋಡಿದಳು, ಇತ್ತ ನೋಡಿದಳು.

"ಕೂಗ್ತಿರೋದು ಯಾರಪ್ಪಾ? ಕೆಸರೋ ಗಂಡೋ ಒಂದೂ ಗೊತ್ತಾಗ್ತಿಲ್ಲ!"

"ನಾನೇ ಕಣೇ, ನಿನ್ನ ಮೂಗಿನ ಮುಂದೇನೇ!"

"ಕಾಣದಿರೋ ಗಂಡನ್ನ ಕಟ್ಕೊಂಡು ಏನ್ಮಾಡ್ಲಿ? ಈ ನೀರು ಇಂಗೋದ್ರೊಳಗೆ ಕಾಣಿಸ್ಕೋ. ಇಲ್ಲಾಂದ್ರೆ ಆಚೆ ಗದ್ದೆಗೆ ಹೋಗ್ತೀನಿ."

ಡೊಳ್ಳಣ್ಣ ಮಾವಿನಮರದ ಗೆಳೆಯ ಹಕ್ಕಿಯ ಹತ್ತಿರ ಓಡಿದ. ಓಡೋದೇನು ಬಂತು, ಕುಪ್ಪಳಿಸಿದ. ಇಬ್ಬರೂ ಬಣ್ಣ ಕೇಳಲು ಭೂಮಿತಾಯಿಯ ಮುಂದೆ ಹೋಗಿ ನಿಂತರು. ಮದುಮಕ್ಕಳಿಗೆ ಹಚ್ಚುವ ಎಣ್ಣೆ-ಅರಿಶಿನವನ್ನು ತಾಯಿ ಇಬ್ಬರಿಗೂ ಕೊಟ್ಟಳು.

"ಮೊದಲು ಎಣ್ಣೆ, ಆಮೇಲೆ ಅರಿಶಿನ. ಮರೀಬೇಡಿ ಮಕ್ಳಾ."

ಹಕ್ಕಿ ಕೊಕ್ಕಿನಿಂದ ಒಂದೊಂದೇ ಗರಿಗೆ ಎಣ್ಣೆ ಸವರುತ್ತಾ ಕೂತ.

"ಎಷ್ಟೊತ್ತೋ ಮಾರಾಯ? ನೀನು ಮುಗಿಸೋದ್ರೊಳಗೆ ಸಣ್ಣಿ ಅಜ್ಜಿ ಆಗಿರ್ತಾಳೆ!"

ಡೊಳ್ಳಣ್ಣ ಎಣ್ಣೆಯನ್ನು ಮುಟ್ಟಲೇ ಇಲ್ಲ. ಬರೀ ಮೈಗೆ ಅರಿಶಿನ ಬಳಿದುಕೊಂಡು ಗದ್ದೆಗೆ ದುಡುಮ್ಮನೆ ಹಾರಿದ. ಅಷ್ಟೇ! ಅರಿಶಿನವೆಲ್ಲ ನೀರುಪಾಲು. ಮತ್ತೆ ಅದೇ ಕೆಸರು ಮೋರೆ.

ಎಲ್ಲರನ್ನೂ ಗೇಲಿ ಮಾಡುತ್ತಿದ್ದವನು ಗೊಳೋ ಅಂತ ಅತ್ತ.

"ಅಳಬೇಡ್ವೋ ತುಂಟ. ನಿನ್ನ ಅರಿಶಿನ ನನ್ನ ಕೆಸರೊಳಗೇ ಇಳಿದಿದೆ. ಬಂದು ಅದರಲ್ಲೇ ಮಲಗು, ಮಳೆಗೆ ಎಬ್ಬಿಸ್ತೀನಿ" ಅಂದಳು ಭೂಮಿತಾಯಿ.

"ಸಣ್ಣೀ, ಅಲ್ಲೀವರೆಗೂ ಕಾಯ್ತೀಯೇನೇ?"

"ಬಣ್ಣ ಬರ್ಲಿ, ಆಮೇಲೆ ಮಾತು."

ಬಾಯಿ ಮುಚ್ಚಿ ಗೊತ್ತಿಲ್ಲದ ಡೊಳ್ಳಣ್ಣ ಬೇಸಿಗೆಯಿಡೀ ಬಾಯಿ ಮುಚ್ಚಿಕೊಂಡು ಕೆಸರಲ್ಲಿ ಮಲಗಿದ. ಕೆಸರು ಒಣಗಿತು, ಬಿರಿಯಿತು. ಅವನು ಮಲಗೇ ಇದ್ದ.

ಗುಡುಗಿತು. ಮಳೆ ಸುರಿಯಿತು. ಕೆಸರು ಸೀಳಿಕೊಂಡು ಡೊಳ್ಳಣ್ಣ ಮೇಲೆ ಬಂದ. ಮೈತುಂಬ ಹಳದಿ, ಥಳಥಳ ಹಳದಿ!

"ಅಯ್ಯಯ್ಯೋ, ಕಣ್ಣು ಕುಕ್ತಿದೆ! ಒಂಚೂರು ಕಮ್ಮಿ ಹಚ್ಕೋಬಾರದಿತ್ತೇನೋ?" ಅನ್ನುತ್ತಲೇ ಸಣ್ಣಿ ನೀರೆಲ್ಲ ಚಿಮ್ಮಿಸಿಕೊಂಡು ಈಜಿ ಬಂದಳು.

ಎಣ್ಣೆಯ ಮೇಲೆ ಅರಿಶಿನ ಹಚ್ಚಿಕೊಂಡ ಆ ಹಕ್ಕಿಯೇ ನಮ್ಮ ಹೊನ್ನಕ್ಕಿ. ಮಾವಿನ ತೋಪಿನಲ್ಲಿ ಯಾವಾಗ ನೋಡಿದರೂ ಅವನು ಹಳದಿಯೇ. ಗೂಳಿಗಪ್ಪೆಗೆ ಮಾತ್ರ ಮದುವೆ ಮುಗಿದ ಮೇಲೆ ಅರಿಶಿನ ತೊಳೆದು ಹೋಗುತ್ತದೆ, ಬೇಸಿಗೆಯಲ್ಲಿ ಕೆಸರಲ್ಲಿ ಮಲಗಿ ಮತ್ತೆ ಬಳಿದುಕೊಳ್ಳಬೇಕು. ಅದಕ್ಕೇ ಮೊದಲ ಮಳೆ ಬಿದ್ದ ಬೆಳಿಗ್ಗೆ ಗದ್ದೆಯ ಬದುವಿಗೆ ಓಡಿಹೋಗಿ ನೋಡಿ, ನೀರಿನ ತುಂಬ ಹಳದಿ ಮದುವಣಿಗರು ಕೆನ್ನೆ ಉಬ್ಬಿಸಿಕೊಂಡು ಕೂಗುತ್ತಿರುತ್ತಾರೆ.