ಅರಳಮ್ಮ ತನ್ನ ತುಪ್ಪಳ ನುಂಗಿದ್ದು

ಭೂಮಿಗೆ ಇನ್ನೂ ಒಂದು ವರ್ಷವೂ ತುಂಬಿರದ ಕಾಲ ಅದು. ಬೆಟ್ಟಗಳ ಮಣ್ಣು ಇನ್ನೂ ಹಸಿ. ಹೊಳೆಗಳಿಗೆ ಯಾವ ಕಡೆ ಹರಿಯಬೇಕೆಂದು ಸರಿಯಾಗಿ ಗೊತ್ತಿರಲಿಲ್ಲ. ಲೋಕ ಹುಟ್ಟಿದ್ದೇ ಚಳಿಗಾಲದಲ್ಲಿ. ಹಾಗಾಗಿ ಬೇಸಿಗೆ ಎಂದರೇನೆಂದು ಯಾವ ಪ್ರಾಣಿಯೂ ಕಂಡಿರಲಿಲ್ಲ.

ಆಗ ಕಾರೆ ಪೊದೆಗಳ ಬಯಲಿನಲ್ಲಿ ಒಂದು ಮೊಲ ಇತ್ತು. ಬೀಜ ಬಿಡಿಸಿದ ಅರಳೆಯ ಹಾಗೆ ಬೆಳ್ಳಗೆ, ಮೆತ್ತಗೆ ಇದ್ದುದರಿಂದ ಎಲ್ಲರೂ ಅವಳನ್ನು ಅರಳಮ್ಮ ಎಂದೇ ಕರೆಯುತ್ತಿದ್ದರು. ಅರಳಮ್ಮನಿಗೆ ತನ್ನ ತುಪ್ಪಳವೆಂದರೆ ಪ್ರಾಣ. ಬೆಳಿಗ್ಗೆ ಎದ್ದರೆ ಮೂತಿ ನೆಕ್ಕಿಕೊಳ್ಳುವುದು, ಮಧ್ಯಾಹ್ನ ಬೆನ್ನು ನೆಕ್ಕಿಕೊಳ್ಳುವುದು, ಸಂಜೆ ಎರಡೂ ಕಿವಿ ಎಳೆದುಕೊಂಡು ನೆಕ್ಕಿಕೊಳ್ಳುವುದು. ನಡುವೆ ಬಿಡುವು ಸಿಕ್ಕರೆ ಒಂದಿಷ್ಟು ಹುಲ್ಲು ತಿನ್ನುವುದು.

ಹೀಗಿರುವಾಗ ಒಂದು ದಿನ ಬಯಲ ಗಾಳಿ ಗಾಳಪ್ಪ ಬೆಚ್ಚಗೆ ಬೀಸಿದ. ಮರುದಿನ ಇನ್ನಷ್ಟು ಬೆಚ್ಚಗೆ ಬೀಸಿದ. ಅದೇ ಲೋಕದ ಮೊದಲ ಬೇಸಿಗೆ. ಎಮ್ಮೆ ಮರಕ್ಕೆ ಮೈ ಉಜ್ಜಿ, ಕೂದಲು ಉದುರಿಸಿಕೊಂಡು ಕೆರೆಗೆ ಇಳಿಯಿತು. ನರಿ ಒಮ್ಮೆ ಮೈ ಕೊಡವಿ, "ಉಸ್ಸಪ್ಪಾ, ಈಗ ಹಾಯಾಯ್ತು" ಅಂದಿತು.

ಅರಳಮ್ಮ ಬೆನ್ನು ನೆಕ್ಕಿದಾಗ ನಾಲಿಗೆಗೆ ನಾಲ್ಕು ಕೂದಲು ಬಂದವು.

"ಅಯ್ಯೋ, ನನ್ನ ತುಪ್ಪಳ ಹೋಗ್ತಾ ಇದೆ! ಹೀಗೇ ಹೋದ್ರೆ ನಾನು ಬೋಳಾಗ್ತೀನಲ್ಲ!"

ಕೂತು ಯೋಚಿಸಿದಳು. ಒಂದು ಉಪಾಯ ಹೊಳೆಯಿತು. ಮೊಲಕ್ಕೆ ಮಾತ್ರ ಹೊಳೆಯುವಂಥ ಉಪಾಯ.

"ಕೆಳಗೆ ಬಿದ್ರೆ ತಾನೇ ಗಾಳಪ್ಪ ಹೊತ್ಕೊಂಡು ಹೋಗೋದು? ಹೊಟ್ಟೆಯೊಳಗೆ ಇಟ್ಕೊಂಡ್ರೆ ಎಲ್ಲಿಗೆ ಹೋಗುತ್ತೆ? ನಾಳೆ ಒಳಗಿಂದ ಮತ್ತೆ ಹೊರಗೆ ಬೆಳೆಯುತ್ತೆ."

ಹಾಗಂದವಳೇ ನಾಲ್ಕೂ ಕೂದಲನ್ನು ಗುಳುಂ ಮಾಡಿದಳು.

ಅವಳು ಕೂತಿದ್ದ ಪೊದೆಯ ಮೇಲೆ ಸೂಜಕ್ಕ ಇದ್ದಳು. ಎಲೆಗೆ ಎಲೆ ಸೇರಿಸಿ, ಕೊಕ್ಕಿನಿಂದ ಹೊಲಿದು ಗೂಡು ಮಾಡುವ ಸಿಂಪಿಗ ಹಕ್ಕಿ ಅವಳು. ಬಾಲ ಕುಣಿಸುತ್ತ ಕೆಳಗಿಳಿದು ಬಂದಳು.

"ಅರಳಕ್ಕಾ, ಗೂಡು ಹೊಲಿದಾಯ್ತು. ಮೊಟ್ಟೆ ಇಡೋಕೆ ಒಳಗೆ ಮೆತ್ತಗೆ ಏನಾದ್ರೂ ಹಾಸಬೇಕು. ಉದುರಿದ್ದರಲ್ಲಿ ಒಂದು ಹಿಡಿ ಕೊಡ್ತೀಯಾ?"

"ಒಂದು ಎಳೆನೂ ಕೊಡಲ್ಲ. ಉದುರಿದ್ದು ಅಂದ್ರೆ ಯಾರದ್ದೂ ಅಲ್ಲ ಅಂದ್ಕೊಂಡ್ಯಾ?" ಅಂದಳು ಅರಳಮ್ಮ, ಇನ್ನೊಂದು ಎಳೆ ನುಂಗುತ್ತ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಾರಲ್ಲ, ಹಿಡಿದವರಿಗೆ ಆ ಹಠ ಮೊಲದಿಂದಲೇ ಅಂಟಿರಬೇಕು.

ದಿನವೂ ಕೂದಲು ಸಡಿಲವಾಯಿತು, ದಿನವೂ ಅರಳಮ್ಮ ನುಂಗಿದಳು. ಹತ್ತನೆಯ ದಿನ ಎಳೆ ಗರಿಕೆ ಕಂಡರೂ ತಿನ್ನಬೇಕೆನಿಸಲಿಲ್ಲ. ಹೊಟ್ಟೆ ಗುಂಡುಕಲ್ಲಿನಂತೆ ಗಟ್ಟಿಯಾಯಿತು. ಗೋಲಿಯಂಥ ಹಿಕ್ಕೆಗಳೂ ನಿಂತುಹೋದವು. ನಗಬೇಡಿ ಮಕ್ಕಳೇ, ಮೊಲಕ್ಕೆ ಅದು ನಗುವ ವಿಷಯವೇ ಅಲ್ಲ. ಬೆಕ್ಕಿನ ಹಾಗೆ ಕಕ್ಕಿ ಹಾಕೋಣವೆಂದರೆ ಮೊಲಕ್ಕೆ ಕಕ್ಕಲು ಬಾರದು. ಪಾಪ, ಕಿವಿ ಜೋತು ಹಾಕಿ ಪೊದೆಯಡಿ ಮಲಗಿಬಿಟ್ಟಳು.

ಮೇಲಿನಿಂದ ನೋಡಿದ ಸೂಜಕ್ಕನಿಗೆ ಕೋಪವೆಲ್ಲ ಇಳಿದುಹೋಯಿತು. ಪುರ್ರನೆ ಹಾರಿಹೋಗಿ ಮುಳ್ಳಜ್ಜಿಯನ್ನು ಕರೆತಂದಳು. ಮುಳ್ಳಜ್ಜಿ ಎಂದರೆ ಬಯಲಿಗೆಲ್ಲ ಹಿರಿಯಳಾದ ಮುಳ್ಳುಹಂದಿ. ಎಲ್ಲರ ಮದ್ದೂ ಅವಳಿಗೆ ಗೊತ್ತು, ಆದರೆ ಹತ್ತಿರ ಹೋಗಲು ಎಲ್ಲರಿಗೂ ಭಯ.

ಮುಳ್ಳಜ್ಜಿ ಅರಳಮ್ಮನ ಹೊಟ್ಟೆಗೆ ಕಿವಿಯಿಟ್ಟು ಕೇಳಿದಳು. ಗುಡುಗುಡು ಸದ್ದೇ ಇಲ್ಲ.

"ಏನು ತಿಂದ್ಯೇ ಕೂಸೇ?"

"ನನ್ನನ್ನೇ ತಿಂದೆ ಅಜ್ಜಿ" ಎಂದು ಅರಳಮ್ಮ ಅತ್ತಳು.

"ಇನ್ನು ಒಂದು ಎಳೆ ನುಂಗಿದ್ರೆ ನೀನು ಉಳಿಯಲ್ಲ ಕಣವ್ವ. ನಿನ್ನ ನಾಲಿಗೆಗೆ ಸಿಗೋ ಮೊದಲೇ ಬೇರೆ ಯಾರಾದ್ರೂ ಅದನ್ನ ತೆಗೀಬೇಕು."

"ಬೇಡ ಅಜ್ಜಿ! ಬೋಳಾದ್ರೆ ನನ್ನನ್ನ ಯಾರು ಅರಳಮ್ಮ ಅಂತಾರೆ?"

"ನನ್ನನ್ನ ನೋಡು" ಅಂದಳು ಮುಳ್ಳಜ್ಜಿ. ಒಮ್ಮೆ ಮೈ ಜಾಡಿಸಿದಳು. ಏಳು ಮುಳ್ಳು ನೆಲಕ್ಕೆ ಬಿದ್ದವು. "ನನ್ನದೂ ಉದುರ್ತಾನೇ ಇದೆ. ಅದಕ್ಕೆ ಜನ ನನ್ನನ್ನ ಮುಳ್ಳಜ್ಜಿ ಅನ್ನೋದು ಬಿಟ್ಟಿದ್ದಾರಾ?"

ಅರಳಮ್ಮ ಅಜ್ಜಿಯ ಕಡೆ ಬೆನ್ನು ತಿರುಗಿಸಿ ಕೂತಳು. ಅಜ್ಜಿ ಆ ಏಳು ಮುಳ್ಳುಗಳ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದಳು. ಸೂಜಕ್ಕ ನಾರು ತಂದು ಅವನ್ನು ಸಾಲಾಗಿ ಹೊಲಿದಳು. ಲೋಕದ ಮೊದಲ ಬಾಚಣಿಗೆ ಅದೇ.

ಅಜ್ಜಿ ಮೆಲ್ಲಗೆ ಬಾಚಿದಳು. ಅಷ್ಟು ದಿನ ಹಿಡಿದಿಟ್ಟಿದ್ದ ತುಪ್ಪಳ ಎಳೆ ಎಳೆಯಾಗಿ ಬರಲಿಲ್ಲ, ಹಿಡಿ ಹಿಡಿಯಾಗಿ ಬಂತು. ಬಾಚಿದಷ್ಟೂ ಬಂತು, ಬಂದಷ್ಟೂ ಬಾಚಿದಳು. ಅರಳಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ಇದ್ದಳು.

"ಅಕ್ಕಾ, ಕಣ್ಣು ಬಿಡೇ!" ಎಂದು ಸೂಜಕ್ಕ ಕೂಗಿದಳು.

ಅರಳಮ್ಮ ಕತ್ತು ತಿರುಗಿಸಿ ಬೆನ್ನು ನೋಡಿಕೊಂಡಳು. ಬೋಳಾಗಿರಲಿಲ್ಲ! ಗಿಡ್ಡನೆಯ, ನುಣ್ಣನೆಯ ಹೊಸ ತುಪ್ಪಳ ಕೆಳಗೆ ಆಗಲೇ ಬೆಳೆದು ನಿಂತಿತ್ತು. ಹಳೆಯದನ್ನು ಇಷ್ಟು ದಿನ ತಳ್ಳುತ್ತಿದ್ದುದು ಅದೇ. ಅವಳಿಗೆ ಎಷ್ಟು ಹಿತವಾಯಿತೆಂದರೆ ಹಲ್ಲುಗಳು ತಾವಾಗಿಯೇ ಮೆಲ್ಲಗೆ ಕಟಕಟ ಎಂದವು.

ಪಕ್ಕದಲ್ಲಿ ಅರಳಮ್ಮನಿಗಿಂತ ದೊಡ್ಡದೊಂದು ತುಪ್ಪಳದ ಗುಡ್ಡೆ ಬಿದ್ದಿತ್ತು. ಗಾಳಪ್ಪ ಬಗ್ಗಿ ಕೇಳಿದ, "ಹೊತ್ಕೊಂಡು ಹೋಗ್ಲಾ?"

"ಸ್ವಲ್ಪ ತಡಿ ಗಾಳಪ್ಪ. ಮೊದಲು ಸೂಜಕ್ಕ ಎಷ್ಟು ಬೇಕೋ ಅಷ್ಟು ತಗೊಳ್ಳಲಿ" ಅಂದಳು ಅರಳಮ್ಮ.

ಅಜ್ಜಿ ಹೊಟ್ಟೆ ನೀವಿದಳು, ನೀರು ಕುಡಿಸಿದಳು, ಗರಿಕೆ ತಿನ್ನಿಸಿದಳು, ಕುಣಿದಾಡಿಸಿದಳು. ಮಾರನೆಯ ಬೆಳಿಗ್ಗೆ ಒಂದು ಹಿಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಕೂದಲಲ್ಲಿ ಪೋಣಿಸಿದ ಮಣಿಸರದ ಹಾಗೆ! ಬಯಲಿಗೆ ಬಯಲೇ ಕೇಕೆ ಹಾಕಿತು. ಹಿಕ್ಕೆ ಕಂಡು ಅಷ್ಟೊಂದು ಜನ ಸಂತೋಷಪಟ್ಟಿದ್ದು ಅದೇ ಮೊದಲು.

ಮತ್ತೆ ಚಳಿ ಬಂತು, ಅರಳಮ್ಮನಿಗೆ ದಟ್ಟ ತುಪ್ಪಳವೂ ಬಂತು. ಆ ಚಳಿಯಲ್ಲೇ ಅವಳಿಗೆ ಐದು ಮರಿಗಳು ಹುಟ್ಟಿದವು. ಅವುಗಳ ಮೈಮೇಲೆ ಒಂದು ಕೂದಲೂ ಇರಲಿಲ್ಲ. ಅವಳು ಅಷ್ಟೊಂದು ಹೆದರಿದ್ದ ಬೋಳು ಮೈ ಅದೇ. ಆದರೆ ಲೋಕದಲ್ಲಿ ಅದಕ್ಕಿಂತ ಚಂದದ್ದು ಅವಳಿಗೆ ಕಾಣಲಿಲ್ಲ. ಮರಿಗಳು ಗಡಗಡ ನಡುಗಿದವು. ಅರಳಮ್ಮನಿಗೆ ಸೂಜಕ್ಕನ ಗೂಡು ನೆನಪಾಯಿತು. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ತನ್ನ ಎದೆಯ ಮೇಲಿನ ಉದ್ದನೆಯ ತುಪ್ಪಳವನ್ನು ಹಲ್ಲಿನಿಂದ ತಾನೇ ಕಿತ್ತು ಕಿತ್ತು ಮರಿಗಳಿಗೆ ಹೊದಿಸಿದಳು. ಒಂದು ಎಳೆಯನ್ನೂ ನುಂಗಲಿಲ್ಲ.

ಆದರೂ ನೆಕ್ಕುವ ಹಳೆಯ ಚಾಳಿ ಮೊಲಗಳಿಗೆ ಪೂರ್ತಿ ಬಿಟ್ಟಿಲ್ಲ. ಅದಕ್ಕೇ ಇಂದಿಗೂ ಕಾಲ ಬದಲಾಗಿ ನಿನ್ನ ಮೊಲದ ತುಪ್ಪಳ ಹಿಡಿ ಹಿಡಿಯಾಗಿ ಬರುವಾಗ, ಅದರ ನಾಲಿಗೆಗಿಂತ ಮೊದಲು ನಿನ್ನ ಬಾಚಣಿಗೆ ಅಲ್ಲಿಗೆ ಮುಟ್ಟಬೇಕಾಗುತ್ತದೆ; ಬಾಚುವಾಗ ಹಲ್ಲು ಕಟಕಟ ಎಂದರೆ ಅದಕ್ಕೆ ಹಿತವಾಗಿದೆ ಎಂದು ತಿಳಿ, ಬಂದ ತುಪ್ಪಳದಲ್ಲಿ ಒಂದು ಹಿಡಿಯನ್ನು ಕಿಟಕಿಯ ಹೊರಗೆ ಇಡು, ಬಾಲ ಕುಣಿಸುತ್ತ ಯಾರು ಬಂದು ಕಚ್ಚಿಕೊಂಡು ಹೋಗುತ್ತಾರೆಂದು ನೀನೇ ನೋಡುವೆಯಂತೆ.